ಬಲ್ಮಠದ ಗುಡ್ಡದಲ್ಲಿ ಒಂದೇ ಪಂಕ್ತಿ: ಉಪದೇಶಿಗಳ ಸೆಮಿನರಿಯಿಂದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನವರೆಗೆ

ಕಾಲೇಜಿನ ಕಟ್ಟಡಗಳು, ಪ್ರಾಂಶುಪಾಲರು, ಪುಸ್ತಕ ಭಂಡಾರ ಇವುಗಳ ಬಗ್ಗೆ ಈ ಸಂಚಿಕೆಯಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಬರೆಯುತ್ತಿದ್ದಾರೆ. ನನ್ನ ಪಾಲಿಗೆ ಬಂದಿರುವುದು ವಿದ್ಯಾರ್ಥಿಗಳ ನಡೆನುಡಿ ಮತ್ತು ಅವರು ಕೂಡಿ ಬಾಳಿದ ಬಗೆ. ನಾನು ಮೈಸೂರಿನ ಅಗ್ರಹಾರದವನು. ಯಾರು ಯಾರ ಪಕ್ಕ ಕೂತು ಉಣ್ಣಬೇಕು, ಯಾರು ಬಡಿಸಬೇಕು, ಯಾರು ಹೊರಗಿನ ಜಗಲಿಯಲ್ಲೇ ನಿಲ್ಲಬೇಕು ಎಂಬುದು ಒಂದು ಕಾಲಕ್ಕೆ ನಮ್ಮ ಬೀದಿಗಳಲ್ಲಿ ಯಾರೂ ಬರೆದಿಡದಿದ್ದರೂ ಎಲ್ಲರಿಗೂ ಗೊತ್ತಿದ್ದ ಕಾನೂನು. ಹಾಗಾಗಿ ಮಂಗಳೂರಿನ ಈ ಸಂಸ್ಥೆಯ ಚರಿತ್ರೆಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಪಾಠದ ಕೋಣೆಗಲ್ಲ, ಊಟದ ಮನೆಗೆ. ಅಲ್ಲಿ ಹಾಕಿದ ಮೊದಲ ನಿಯಮವೇ ಉಳಿದೆಲ್ಲ ನಿಯಮಗಳಿಗಿಂತ ಹೆಚ್ಚು ಕಾಲ ಬಾಳಿತು ಎಂಬುದು ನನ್ನ ಎಣಿಕೆ.

1834–1847: ಬಾಸೆಲಿನಿಂದ ಬಲ್ಮಠಕ್ಕೆ

1833ರ ಚಾರ್ಟರ್ ಕಾಯಿದೆಯಿಂದಾಗಿ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಸರಕಾರದ ಸೀಮೆ ತೆರೆಯಿತು. ಮರುವರ್ಷ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದರು. 1815ರಲ್ಲಿ ಹುಟ್ಟಿದ ಆ ಮಿಷನ್ ಶಿಸ್ತಿಗೆ ಹೆಸರಾಗಿತ್ತು. ಬಾಸೆಲಿನ ತರಬೇತಿ ಮನೆಯಿಂದ ಹೊರಬಿದ್ದವನ ಮೇಲೆ ಸಮಿತಿಯ ಹಿಡಿತ ಸಮುದ್ರ ದಾಟಿದ ಮೇಲೂ ಸಡಿಲವಾಗುತ್ತಿರಲಿಲ್ಲ. ಮದುವೆಗೂ ಸಮಿತಿಯ ಅಪ್ಪಣೆ ಬೇಕು. ಅದೂ ಕೆಲವು ವರ್ಷ ಸೇವೆ ಮಾಡಿದ ಮೇಲೆ ಮಾತ್ರ. ಎಷ್ಟೋ ಸಲ ಹುಡುಗ ಮುಖವನ್ನೇ ಕಾಣದ ಹೆಣ್ಣು ಜರ್ಮನಿಯಿಂದಲೋ ಸ್ವಿಟ್ಜರ್ಲೆಂಡಿನಿಂದಲೋ ಹಡಗು ಹತ್ತಿ ಬರುತ್ತಿದ್ದಳು. ತಾವೇ ಇಷ್ಟು ಕಟ್ಟುಪಾಡಿನಲ್ಲಿ ಬೆಳೆದವರು ತಮ್ಮ ಶಿಷ್ಯರನ್ನು ಸುಮ್ಮನೆ ಬಿಟ್ಟಾರೆಯೇ?

ಆದರೆ 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಬೇರೆ ಧಾತುವಿನ ಮನುಷ್ಯ. 1811ರಲ್ಲಿ ವುರ್ಟೆಂಬರ್ಗಿನಲ್ಲಿ ಹುಟ್ಟಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಸಾಹೇಬರ ಬಂಗಲೆ ಒಂದು ಕಡೆ, ಹುಡುಗರ ಕೊಟ್ಟಿಗೆ ಇನ್ನೊಂದು ಕಡೆ ಇದ್ದರೆ ಕಲಿಸುವುದು ಆಗದ ಮಾತು ಎಂದು ಅವರಿಗೆ ಬೇಗನೆ ಹೊಳೆಯಿತು. ಹುಡುಗರೊಂದಿಗೇ ಒಂದೇ ಮನೆಯಲ್ಲಿ ಇದ್ದರು, ನೆಲದ ಮೇಲೆ ಕೂತರು, ಅವರ ಅನ್ನವನ್ನೇ ಉಂಡರು. ಗೆಳೆಯ ಗಾಟ್‌ಫ್ರಿಡ್ ವೈಗ್ಲೆ ಮೊದಲಾದವರ ಜೊತೆ ಸೇರಿ, ಯುರೋಪಿನ ರೀತಿಯ ಬದುಕನ್ನು ಆದಷ್ಟು ಬಿಟ್ಟು ಇಲ್ಲಿಯವರಂತೆ ಬಾಳುವ ಯೋಜನೆಯನ್ನೇ ಹಾಕಿದ್ದರು. ಬಾಸೆಲಿನ ಹಿರಿಯರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಅತ್ತಿತ್ತ ಓಲೆಗಳು ಓಡಾಡಿದವು, ಯೋಜನೆ ಪೂರ್ತಿಯಾಗಿ ನಡೆಯಲಿಲ್ಲ. ಆ ತಕರಾರಿನ ವಿವರಕ್ಕೆ ಇಲ್ಲಿ ಹೋಗಬೇಕಾಗಿಲ್ಲ. ಎರಡು ಕಡೆಯವರೂ ಒಂದೇ ಕೆಲಸಕ್ಕೆ ಕೈ ಹಾಕಿದವರು. ನಮಗೆ ಮುಖ್ಯವಾದದ್ದು, ಗುರು ಮತ್ತು ಶಿಷ್ಯ ಒಂದೇ ಪಂಕ್ತಿಯಲ್ಲಿ ಕೂರುವ ಪದ್ಧತಿ ಸಂಸ್ಥೆಗೆ ಹೆಸರಿಡುವ ಮುಂಚೆಯೇ ಬಂದಿತ್ತು ಎಂಬುದು.

1840ರ ದಶಕದ ಆರಂಭಕ್ಕೆ ಮಂಗಳೂರಿನ ಬಲ್ಮಠದ ಗುಡ್ಡ ಮಿಷನ್ನಿನ ನೆಲೆಯಾಗಿತ್ತು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಿತ್ತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಈ ಪತ್ರಿಕೆ ಒಂದು ವರ್ಷವೂ ಮಂಗಳೂರಿನಲ್ಲಿ ನಿಲ್ಲದೆ ಬಳ್ಳಾರಿಗೆ ಹೋಯಿತು. ಅದು ಬೇರೆಯೇ ಕಥೆ.

1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದಾಗ ಪಟ್ಟಣದಲ್ಲಿ ದೊಡ್ಡ ಗಲಭೆಯೇ ಎದ್ದಿತು. ಆ ಮನೆಗಳ ನೋವನ್ನು ಇಂದು ಹಗುರಾಗಿ ನೆನೆಯುವಂತಿಲ್ಲ. ಮಗನನ್ನು ಕಳೆದುಕೊಂಡೆವು ಎಂದು ಅವರು ಅಂದುಕೊಂಡದ್ದು ಸುಳ್ಳೂ ಅಲ್ಲ. ತಾಯ್ತಂದೆಯ ಊಟದ ಸಾಲಿನಿಂದ ಎದ್ದ ಮೇಲೆ ತಿರುಗಿ ಹೋಗಿ ಕೂರುವಂತಿರಲಿಲ್ಲ. ಕೌಂಡಿನ್ಯರು ಮೊಗ್ಲಿಂಗರ ಜೊತೆ ಬಾಸೆಲಿಗೆ ಹೋಗಿ, ಅಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಮುಂದೆ ಇದೇ ಸೆಮಿನರಿಯಲ್ಲಿ ಕಲಿಸಿದರು. ಕೊಡಗಿನ ಆನಂದಪುರಕ್ಕೆ ಹೆಸರು ಬಂದದ್ದು ಅವರಿಂದ.

1847–1865: ಸೆಮಿನರಿ

1847ರಲ್ಲಿ ಉಪದೇಶಿಗಳನ್ನು ತಯಾರು ಮಾಡುವ ಶಾಲೆ ಕ್ರಮವಾಗಿ ಶುರುವಾಯಿತು. ಸಂಸ್ಥೆ ತನ್ನ ಹುಟ್ಟಿನ ವರ್ಷವೆಂದು ಎಣಿಸುವುದು ಇದನ್ನೇ. ಉಪದೇಶಿ ಎಂದರೆ ಸಭಾಪಾಲಕನಿಗಿಂತ ಒಂದು ಮೆಟ್ಟಿಲು ಕೆಳಗಿನವನು. ಊರೂರು ಸುತ್ತಿ ಸಾರುವವನು, ಹಳ್ಳಿಯ ಶಾಲೆಯಲ್ಲಿ ಕಲಿಸುವವನು, ಸಭೆಯವರ ಮನೆಗಳ ಒಳಿತು ಕೆಡುಕು ವಿಚಾರಿಸುವವನು ಅವನೇ. ಹಳ್ಳಿಯ ಪಾಲಿಗೆ ಮಿಷನ್ನಿನ ಮುಖವೇ ಅವನಾದ್ದರಿಂದ ಅವನ ನಡತೆ ಅವನೊಬ್ಬನ ಸ್ವಂತ ವಿಚಾರವಾಗಿ ಉಳಿಯುತ್ತಿರಲಿಲ್ಲ. ಜಾತ್ರೆಯ ಬಯಲಿನಲ್ಲಿ ನಿಂತು ಕುಡಿತ ಬಿಡಿ ಎಂದು ಹೇಳುವವನು ರಾತ್ರಿ ಶೇಂದಿ ಅಂಗಡಿಯ ಹತ್ತಿರ ಕಂಡರೆ ಮಾತು ಮುಗಿಯಿತು.

ವಿದ್ಯಾರ್ಥಿಗಳಲ್ಲಿ ಅನೇಕರ ಮನೆಮಾತು ತುಳು, ಪಾಠದ ಭಾಷೆ ಕನ್ನಡ. ಬೈಬಲಿನ ಜೊತೆಗೆ ನಾಡಿನ ಓದೂ ಬೇಕು ಎಂಬ ಗಾಳಿ ಆಗ ಗುಡ್ಡದ ಮೇಲಿತ್ತು. ಬಲ್ಮಠದ ಕಲ್ಲಚ್ಚಿನಲ್ಲಿ 1848ರಿಂದ ಮೊಗ್ಲಿಂಗರ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯ ಸಂಪುಟಗಳು ಬಂದವು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಎಲ್ಲವೂ ಅದರಲ್ಲಿದ್ದವು. ಪರಮತದ ಪುಸ್ತಕವನ್ನು ಮುಟ್ಟಬಾರದು ಎಂಬ ಕಟ್ಟಳೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣ ಕೊಟ್ಟರು ಎಂಬುದನ್ನೂ ನೆನೆಯಬೇಕು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದ್ದೂ ಇದೇ ಗಾಳಿಯಲ್ಲಿ. ಅವರ ನಿಘಂಟು 1894ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಹೊರಬಂತು.

1851–52ರಲ್ಲಿ ಬಾಸೆಲ್ ಮಿಷನ್ನಿನ ಮುಖ್ಯಸ್ಥ ಯೋಸೆಫ್ ಯೋಸೆನ್‌ಹಾನ್ಸ್ ಖುದ್ದಾಗಿ ಇಲ್ಲಿಗೆ ಬಂದರು. ಅವರ ಭೇಟಿಯ ನಂತರ ಸಭೆ, ಶಾಲೆ, ಕಾರ್ಖಾನೆ ಎಲ್ಲದಕ್ಕೂ ಬರಹದ ಕ್ರಮ ಬಂತು. ಮೊಗ್ಲಿಂಗರ ಕಾಲದ ಮನೆತನದ ರೀತಿ ಹಿಂದೆ ಸರಿದು, ಗಂಟೆ, ವೇಳಾಪಟ್ಟಿ, ವರದಿಗಳ ರೀತಿ ಮುಂದೆ ಬಂತು. ಇದರಿಂದ ಗಳಿಸಿದ್ದೂ ಉಂಟು, ಕಳೆದುಕೊಂಡದ್ದೂ ಉಂಟು. ಗುರುವಿನ ಮನಸ್ಸಿನ ಏರಿಳಿತದ ಮೇಲೆ ನಿಂತಿದ್ದ ನ್ಯಾಯ ಕಾಗದದ ಮೇಲೆ ಬಂದು ಸ್ಥಿರವಾಯಿತು. ಆದರೆ ಕಾಗದ ಬರೆಯುವವರು ಯುರೋಪಿನವರು, ಪಾಲಿಸುವವರು ಇಲ್ಲಿಯವರು ಎಂಬ ಅಂತರವೂ ಅದರ ಜೊತೆಗೇ ಬೆಳೆಯಿತು.

1865–1914: ಗುಡ್ಡದ ಕೆಳಗಿನ ಊರು

ಸೆಮಿನರಿಯ ನಿಯಮಗಳನ್ನು ಸೆಮಿನರಿಯಷ್ಟಕ್ಕೆ ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಅವು ಗುಡ್ಡದ ಕೆಳಗೆ ಬೆಳೆಯುತ್ತಿದ್ದ ಸಭೆಯ ನಿಯಮಗಳೂ ಹೌದು.

ಸಭೆಗೆ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು. ಶೇಂದಿ ಇಳಿಸುವುದು ಅವರಲ್ಲಿ ಅನೇಕರ ಕಸುಬು. ಸಭೆ ಶೇಂದಿಯನ್ನು ಒಪ್ಪುತ್ತಿರಲಿಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಬದುಕಿದವನು ಕುಟುಂಬದಿಂದ ಹೊರಬಿದ್ದರೆ ಜಮೀನಿನ ಪಾಲೂ ಕೈತಪ್ಪುತ್ತಿತ್ತು. ಭೂತದ ಕೋಲಕ್ಕೆ ಹೋಗದವನಿಗೆ ಊರಿನ ಹಂಗೂ ಕಡಿಯಿತು. ಹೀಗೆ ಒಂದು ನಡತೆಯ ನಿಯಮ ಮನುಷ್ಯನ ಅನ್ನಕ್ಕೇ ಕೈ ಹಾಕಿತು. ಕುಡಿಯಬೇಡ ಎನ್ನುವುದು ಸುಲಭ. ಮರ ಹತ್ತಬೇಡ ಎಂದವರು ಬೇರೆ ದಾರಿಯನ್ನೂ ತೋರಿಸಬೇಕಾಗುತ್ತದೆ. ನೇಯ್ಗೆ, ಅಚ್ಚು, ಪುಸ್ತಕ ಕಟ್ಟುವ ಕೆಲಸ ಇವೆಲ್ಲ ಮಿಷನ್ನಿನಲ್ಲಿ ಬೆಳೆದ ಕಾರಣಗಳಲ್ಲಿ ಇದು ದೊಡ್ಡದು. 1851ರಲ್ಲಿ ಬಂದ ಜಾನ್ ಹಾಲರ್ ನೇಯ್ಗೆಯನ್ನು ಗಟ್ಟಿಮಾಡಿದರು. ಖಾಕಿ ಬಣ್ಣದ ಕೀರ್ತಿ ಸಲ್ಲುವುದೂ ಅವರಿಗೇ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಇವತ್ತು ನಾಡಿನಾದ್ಯಂತ ಜನ ಮಂಗಳೂರು ಹೆಂಚು ಎಂದು ಕರೆಯುವ ಆ ಕೆಂಪು ಹೆಂಚಿನ ಹಿಂದೆ, ನಿಯಮ ಪಾಲಿಸಲು ಹೋಗಿ ಕಸುಬು ಕಳೆದುಕೊಂಡವರ ಕಥೆಯಿದೆ. ಸಂಸ್ಥೆಯ ಚರಿತ್ರೆಯಲ್ಲಿ ನನಗೆ ಅತಿ ಗೌರವದ ಪುಟ ಇದು. ಬೋಧಿಸಿದವರು ಬೋಧನೆಯ ಬೆಲೆಯಲ್ಲಿ ತಾವೂ ಪಾಲು ಹೊತ್ತರು.

ಈ ಅವಧಿಯ ಸೆಮಿನರಿಯಲ್ಲಿ ಓದಿದವರಲ್ಲಿ ಕನ್ನಡಿಗರೆಲ್ಲ ಬಲ್ಲ ಹೆಸರು ಉತ್ತಂಗಿ ಚನ್ನಪ್ಪನವರದು. 1881ರಲ್ಲಿ ಹುಟ್ಟಿದ ಅವರು ಮಂಗಳೂರಿನ ಸೆಮಿನರಿಯಲ್ಲಿ ತರಬೇತಾಗಿ ಸಭೆಯ ಸೇವೆಗೆ ಬಂದರು. ಹಳ್ಳಿಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪಾದ್ರಿಯೊಬ್ಬರು ಲಿಂಗಾಯತ ಮಠಗಳ ಜಗಲಿಯಲ್ಲಿ ಕೂತು ಓಲೆಗರಿ ಓದುವುದು ಆಗಿನ ಕೆಲವು ಹಿರಿಯರಿಗೆ ಸರಿಕಂಡಿರಲಾರದು. ಆದರೆ ಆ ದಾರಿಯನ್ನು ಜೈಮಿನಿ ಭಾರತದ ಕಲ್ಲಚ್ಚು ಅವರಿಗೆ ಮುಂಚೆಯೇ ಕಡಿದಿಟ್ಟಿತ್ತು.

ಹಳೇ ಮೈಸೂರಿನ ಕವಲು

ಈಗ ನನ್ನ ಊರಿನ ಕಡೆಗೆ ಒಂದು ಹೆಜ್ಜೆ. ಹಳೇ ಮೈಸೂರಿನಲ್ಲಿ ಬಾಸೆಲಿನವರಿಗಿಂತ ವೆಸ್ಲಿಯನ್ ಮಿಷನ್ನಿನವರ ಓಡಾಟ ಹೆಚ್ಚು. ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕನ್ನಡದ ಕೆಲಸ ಆರಂಭಿಸಿದ್ದು 1830ರ ದಶಕದಲ್ಲೇ. ಮೈಸೂರಿನಲ್ಲಿ ಅವರ ಹೈಸ್ಕೂಲು ಇತ್ತು, ಅಚ್ಚುಕೂಟ ಇತ್ತು, 1887ರಿಂದ ಹೆನ್ರಿ ಹೇಗ್ ಅವರ ‘ವೃತ್ತಾಂತ ಪತ್ರಿಕೆ’ ಇತ್ತು. ಕುವೆಂಪು ಮಲೆನಾಡಿನಿಂದ ಬಂದು ಓದಿದ್ದು ಮೈಸೂರಿನ ಆ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲೇ.

ಅಗ್ರಹಾರ, ಕೋಟೆ ಮೊಹಲ್ಲಾಗಳ ಮನೆಗಳಿಂದಲೂ ಹುಡುಗರು ಮಿಷನ್ ಶಾಲೆಗೆ ಹೋಗುತ್ತಿದ್ದರು. ಇಂಗ್ಲಿಷ್ ಬೇಕಿತ್ತು, ನೌಕರಿ ಬೇಕಿತ್ತು. ಬೈಬಲ್ ಪಾಠದ ಗಂಟೆಯಲ್ಲಿ ಕೂತು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ತೆಗೆದು, ಊಟದ ಹೊತ್ತಿಗೆ ಮನೆಗೆ ಬಂದರೆ ಮನೆಯ ಮಡಿಗೆ ಭಂಗವಿಲ್ಲ. ಹಗಲಿನ ಶಾಲೆಯ ಶಿಸ್ತು ಗೇಟಿನವರೆಗೆ ಮಾತ್ರ. ಸಮಯಕ್ಕೆ ಬಾ, ಸುಳ್ಳು ಹೇಳಬೇಡ, ಮೇಷ್ಟರಿಗೆ ಎದುರಾಡಬೇಡ, ಅಷ್ಟೆ. ಯಾರ ಪಕ್ಕ ಉಣ್ಣುತ್ತೀಯೆ ಎಂದು ಅದು ಕೇಳುತ್ತಿರಲಿಲ್ಲ. ಎರಡೂ ಕಡೆಯವರಿಗೆ ಈ ಒಪ್ಪಂದ ಅನುಕೂಲವಾಗಿತ್ತು, ಅದಕ್ಕೇ ಯಾರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಆ ಪ್ರಶ್ನೆಯನ್ನು ಕೇಳಿದ್ದು ವಸತಿ ಶಾಲೆಗಳು. 1876–78ರ ಧಾತು–ಈಶ್ವರ ಬರ ಹಳೇ ಮೈಸೂರನ್ನು ಹಣ್ಣು ಮಾಡಿದಾಗ ಅನಾಥರಾದ ಮಕ್ಕಳಿಗೆ ಮಿಷನ್ನಿನವರು ಮನೆ ಮಾಡಿದರು. ಆ ಮಕ್ಕಳಿಗೆ ಹೋಗಿ ಉಣ್ಣಲು ಬೇರೆ ಮನೆಯೇ ಇರಲಿಲ್ಲ. ಮುಂದೆ ತುಮಕೂರಿನಲ್ಲಿ ಹಳೇ ಮೈಸೂರಿನ ಸಭೆಗಳಿಗೆ ಕನ್ನಡದಲ್ಲೇ ಸೇವಕರನ್ನು ತಯಾರು ಮಾಡುವ ಯೂನಿಯನ್ ಕೆನರೀಸ್ ಸೆಮಿನರಿ ನಡೆಯಿತು. 1910ರಲ್ಲಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ತೆರೆದಾಗ ಇಂಗ್ಲಿಷಿನಲ್ಲಿ ಓದುವವರು ಅಲ್ಲಿಗೆ ಹೋದರು. ಹಳ್ಳಿಯ ಸಭೆಗಳು ನಂಬಿಕೊಂಡದ್ದು ಮಾತ್ರ ತುಮಕೂರು, ಮಂಗಳೂರುಗಳನ್ನೇ.

1914–1947: ಯುದ್ಧಗಳು

1914ರಲ್ಲಿ ಮಹಾಯುದ್ಧ ಹತ್ತಿದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಒಂದೇ ಸಲಕ್ಕೆ ಶತ್ರುದೇಶದ ಪ್ರಜೆಗಳಾದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟರು. ಹೆಂಚು, ನೇಯ್ಗೆಗಳ ಉದ್ಯಮ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಸೆಮಿನರಿಯ ಕೆಲಸವೂ ಕುಂಟಿತು. ಎರಡನೆಯ ಯುದ್ಧದಲ್ಲಿ ಜರ್ಮನರಿಗೆ ಮತ್ತೆ ಅದೇ ಗತಿ ಬಂತು.

ದುಃಖದ ಈ ಕಾಲ ಒಂದು ವಿಷಯದಲ್ಲಿ ಪಾಠ ಕಲಿಸಿತು. ಮಿಷನರಿ ದೊರೆಗಳು ಇಲ್ಲದಾಗ ಸಭೆಯ ಹಿರಿಯರು, ಇಲ್ಲಿಯ ಸಭಾಪಾಲಕರು, ಮೇಷ್ಟರುಗಳು ಮನೆಯನ್ನು ನಡೆಸಲೇಬೇಕಾಯಿತು. ವಿದ್ಯಾರ್ಥಿಯ ತಪ್ಪನ್ನು ತೂಗಿ ನೋಡುವವರು ಅದೇ ಊರಿನವರಾದರು. ಅವನ ಅಪ್ಪ ಅಮ್ಮನನ್ನು ಬಲ್ಲವರಾದರು. ಇದರಿಂದ ಕರುಣೆ ಹೆಚ್ಚಿತೋ ದಾಕ್ಷಿಣ್ಯ ಹೆಚ್ಚಿತೋ ಎಂದರೆ ಎರಡೂ ಎನ್ನಬೇಕು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಕೂಡಿಬಂತು. ಬೇರೆಬೇರೆ ಮಿಷನ್ನುಗಳ ಬೇಲಿಗಳು ಬಿದ್ದ ಮೇಲೆ ಎರಡು ಕನ್ನಡ ಸೆಮಿನರಿಗಳು ಏಕೆ ಎಂಬ ಪ್ರಶ್ನೆ ತಾನಾಗಿಯೇ ಎದ್ದಿತು.

1965: ಎರಡು ಮನೆ ಒಂದಾದದ್ದು

1965ರಲ್ಲಿ ಮಂಗಳೂರಿನ ಸೆಮಿನರಿ ಮತ್ತು ತುಮಕೂರಿನ ಸೆಮಿನರಿ ಕೂಡಿ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಆಯಿತು. ಎಲ್ಲರ ಬಾಯಲ್ಲಿ ಅದು ಕೆಟಿಸಿ. ಒಂದು ಕಡೆ ಜರ್ಮನ್–ಸ್ವಿಸ್ ಪದ್ಧತಿ, ಇನ್ನೊಂದು ಕಡೆ ವೆಸ್ಲಿಯನ್ನರ, ಎಂದರೆ ಇಂಗ್ಲಿಷ್ ಮೆಥೊಡಿಸ್ಟರ, ರೂಢಿ. ಎರಡು ಮನೆ ಒಂದಾಗುವಾಗ ಮಾತುಕತೆ ಸ್ವಲ್ಪ ಉದ್ದವಾಗುವುದು ಸಹಜ. ಇಂಥ ಕೂಡಿಕೆಯಲ್ಲಿ ನಿಜವಾದ ಪರೀಕ್ಷೆ ನಡೆಯುವುದು ಆಡಳಿತ ಮಂಡಳಿಯಲ್ಲಲ್ಲ, ಅಡಿಗೆಮನೆಯಲ್ಲಿ. ತುಮಕೂರು ಕಡೆಯವರಿಗೆ ಮುದ್ದೆ, ಕರಾವಳಿಯವರಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಧಾರವಾಡ ಸೀಮೆಯವರಿಗೆ ಜೋಳದ ರೊಟ್ಟಿ. ತಟ್ಟೆಯಲ್ಲಿ ಏನಿರಬೇಕು ಎಂಬ ಜಗಳ ಆರೋಗ್ಯಕರವಾದದ್ದು. ಪಕ್ಕದಲ್ಲಿ ಯಾರಿರಬೇಕು ಎಂಬ ಜಗಳಕ್ಕೆ ಅಲ್ಲಿ ಎಡೆಯಿರಲಿಲ್ಲ.

ಕಾಲೇಜು ಸೆರಾಂಪುರದ ವಿಶ್ವವಿದ್ಯಾಲಯ ಸೆನೆಟ್ಟಿಗೆ ಸೇರಿದೆ. ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಕಲ್ಕತ್ತೆಯ ಹತ್ತಿರ ಕಟ್ಟಿದ ಆ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆ ಪದವಿ ಕೊಡುವ ಸನ್ನದು ಕೊಟ್ಟರು. 1918ರ ಸೆರಾಂಪುರ ಕಾಲೇಜು ಕಾಯಿದೆ ಅದಕ್ಕೆ ಸೆನೆಟ್ಟಿನ ರೂಪ ಕೊಟ್ಟಿತು. ಕನ್ನಡದವರಿಗೆ ಈ ಊರು ಹೊಸದೇನಲ್ಲ. ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲೇ. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಸೆರಾಂಪುರ ಕಾಲೇಜಿನ 1833ರ ನಿಬಂಧನೆಗಳಲ್ಲಿದೆ: ಜಾತಿ, ಮೈಬಣ್ಣ, ದೇಶ ಇವು ಯಾರ ಪ್ರವೇಶಕ್ಕೂ ಅಡ್ಡಬರಕೂಡದು ಎಂಬ ಕಟ್ಟಳೆ. ಬಲ್ಮಠದಲ್ಲಿ ಮೊಗ್ಲಿಂಗ್ ಚಾಪೆ ಹಾಸಿ ಮಾಡಿದ್ದನ್ನು ಸೆರಾಂಪುರದವರು ಕೆಲವೇ ವರ್ಷ ಮುಂಚೆ ಕಾಗದದಲ್ಲಿ ಬರೆದಿದ್ದರು. ಈ ಎರಡು ಹರಿವು 1965ರ ಕಾಲೇಜಿನಲ್ಲಿ ಕೂಡಿದವು.

1976ರಿಂದ ಈಚೆಗೆ

1976ರಲ್ಲಿ ದಕ್ಷಿಣ ಭಾರತ ಸಭೆ ಹೆಣ್ಣುಮಕ್ಕಳಿಗೂ ಸಭಾಪಾಲಕ ದೀಕ್ಷೆ ಕೊಡಲು ಆರಂಭಿಸಿತು. ಗಂಡಸರನ್ನಷ್ಟೇ ಕಣ್ಣಮುಂದಿಟ್ಟುಕೊಂಡು ಬರೆದ ಹಾಸ್ಟೆಲ್ ನಿಯಮಗಳಿಗೆ ಆ ತೀರ್ಮಾನದ ಮುಂದೆ ಹಳೆಯ ಬೆಲೆ ಉಳಿಯುವಂತಿರಲಿಲ್ಲ. ಹೆಣ್ಣುಮಕ್ಕಳಿಗೆ ಕಾವಲು ಬೇಕು ಎಂಬ ಮಾತಿನಿಂದ ಹೆಣ್ಣುಮಕ್ಕಳಿಗೆ ಹಕ್ಕಿದೆ ಎಂಬ ಮಾತಿಗೆ ಬರಲು ನಮ್ಮ ದೇಶದ ಎಲ್ಲ ವಿದ್ಯಾಸಂಸ್ಥೆಗಳಿಗೂ ಬಹಳ ಕಾಲ ಹಿಡಿಯಿತು. ಲೈಂಗಿಕ ಕಿರುಕುಳದ ವಿರುದ್ಧ 1997ರ ವಿಶಾಖಾ ತೀರ್ಪು, 2013ರ ಕಾಯಿದೆ ಬಂದ ಮೇಲೆ ದೂರು ಕೇಳುವ ಸಮಿತಿ ಎಲ್ಲೆಡೆ ಕಡ್ಡಾಯವಾಯಿತು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣ ದಲಿತ ದೇವಶಾಸ್ತ್ರಕ್ಕೆ ನಾಂದಿಯಾಯಿತು. ಒಂದೇ ಪಂಕ್ತಿಯಲ್ಲಿ ಉಂಡವರ ಸಭೆಯೊಳಗೂ ಜಾತಿ ಉಳಿದಿದೆ, ಮದುವೆಯಲ್ಲಿ, ಹುದ್ದೆಯಲ್ಲಿ, ಸ್ಮಶಾನದಲ್ಲಿ ಉಳಿದಿದೆ ಎಂಬ ಕಟು ಸತ್ಯವನ್ನು ಈ ವಿಚಾರಧಾರೆ ಪಾಠದ ಕೋಣೆಗೆ ತಂದಿತು. ಸೆಮಿನರಿಗಳ ಶಿಸ್ತಿನ ಅರ್ಥ ಅಲ್ಲಿಂದ ಬದಲಾಯಿತು ಎನ್ನಬಹುದು. ಕುಡಿತ, ಜೂಜು, ತಡವಾಗಿ ಬರುವುದು ಇವು ಮಾತ್ರವಲ್ಲ, ಪಕ್ಕದವನನ್ನು ಅವನ ಕೇರಿಯ ಹೆಸರಿನಿಂದ ಹೀಗಳೆಯುವುದೂ ನಡತೆಗೇಡು ಎಂಬ ತಿಳಿವಳಿಕೆ ಬೆಳೆಯಿತು.

ಸರಕಾರದ ಕಾನೂನು ಸಹ ಮನೆಯ ನಿಯಮದ ಪಕ್ಕಕ್ಕೆ ಬಂದು ನಿಂತಿತು. ರ‍್ಯಾಗಿಂಗನ್ನು ಕರ್ನಾಟಕ ಶಿಕ್ಷಣ ಕಾಯಿದೆಯೇ ನಿಷೇಧಿಸಿತ್ತು. 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಗಳು ಬಂದ ನಂತರ ದೇಶದಾದ್ಯಂತ ವಿದ್ಯಾರ್ಥಿ ಮತ್ತು ಪೋಷಕರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಕ್ರಮ ಬಂತು. ಹಿಂದೆ ಗುರುವಿನ ಮುಂದೆ ತಲೆಬಾಗಿ ಒಪ್ಪಿಕೊಂಡು ಮುಗಿಸುತ್ತಿದ್ದ ತಪ್ಪಿಗೆ ಈಗ ಅರ್ಜಿ, ವಿಚಾರಣೆ, ಮೇಲ್ಮನವಿ ಎಲ್ಲ ಉಂಟು. ಹಳಬರು ಕೆಲವರು ಇದನ್ನು ಕೋರ್ಟು ಕಚೇರಿಯ ರೀತಿ ಎಂದು ಗೊಣಗುತ್ತಾರೆ. ನನಗೇನೋ ಇದು ಒಳ್ಳೆಯದಾಯಿತು ಎನಿಸುತ್ತದೆ. ತಪ್ಪು ಮಾಡಿದವನಿಗೂ ತನ್ನ ಮಾತನ್ನು ಹೇಳಿಕೊಳ್ಳಲು ಒಂದು ಜಾಗ ಬೇಕು. ಯೋಸೆನ್‌ಹಾನ್ಸರ ಕಾಲದಲ್ಲಿ ನಿಯಮ ಬರೆಯುವವರು ಒಬ್ಬರು, ಪಾಲಿಸುವವರು ಇನ್ನೊಬ್ಬರು ಆಗಿದ್ದರು. ಆ ಅಂತರ ತುಂಬಲು ಒಂದೂವರೆ ಶತಮಾನ ಹಿಡಿಯಿತು.

ಮೊಗ್ಲಿಂಗರ ಕಾಲದ ಬಾಗಿಲು ಮುಚ್ಚಿದ ಮನೆ ಈಗಿಲ್ಲ. ಸುತ್ತ ಬಹುಮಹಡಿ ಕಟ್ಟಡಗಳು ಎದ್ದಿವೆ, ಕೈಯಲ್ಲಿ ಮೊಬೈಲು ಬಂದಿದೆ. ಸಂಜೆಯ ಗಂಟೆ ಬಾರಿಸಿದ ಮಾತ್ರಕ್ಕೆ ಹೊರಗಿನ ಲೋಕ ಹೊರಗೇ ಉಳಿಯುವುದಿಲ್ಲ. ಹೊರಗೆ ಯಾರೊಂದಿಗೆ ಏನು ಬರೆದೆ, ಯಾರ ಚಿತ್ರವನ್ನು ಹಂಚಿದೆ ಎಂಬುದೂ ಈಗ ನಡತೆಯ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಹಳೆಯ ಕಟ್ಟಳೆಗಳಲ್ಲಿ ಉತ್ತರವಿಲ್ಲ, ಹೊಸಬರೇ ಬರೆಯಬೇಕು.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಬಾಸೆಲ್ ಮಿಷನ್ನಿನ ಹಳೆಯ ಪುಸ್ತಕ, ಕಲ್ಲಚ್ಚಿನ ಪ್ರತಿ, ದಾಖಲೆಗಳನ್ನು ಕಾಪಾಡುವ ಪತ್ರಾಗಾರ ಕಾಲೇಜಿನಲ್ಲೇ ಇದೆ. ಮಿಷನರಿಗಳ ವರದಿ, ಓಲೆಗಳು ಬಹಳಷ್ಟು ಉಳಿದಿವೆ. ಆದರೆ ವಿದ್ಯಾರ್ಥಿಗಳ ಬರಹ ಸುಲಭವಾಗಿ ಉಳಿಯುವುದಿಲ್ಲ. ನಿಮ್ಮ ಅಜ್ಜ, ತಂದೆ ಅಥವಾ ನೀವೇ ಬಲ್ಮಠದಲ್ಲೋ ತುಮಕೂರಿನಲ್ಲೋ ಓದಿದ್ದರೆ, ಅಟ್ಟದ ಪೆಟ್ಟಿಗೆಯಲ್ಲಿ ಹಾಸ್ಟೆಲಿನ ನಿಯಮದ ಹಾಳೆ, ಊಟದ ಲೆಕ್ಕದ ಪುಸ್ತಕ, ಮನೆಗೆ ಬರೆದ ಕಾಗದ, ತಂಡದ ಛಾಯಾಚಿತ್ರ ಏನಿದ್ದರೂ ಪತ್ರಾಗಾರಕ್ಕೆ ಒಪ್ಪಿಸಿ. ಮೂಲ ಕೊಡಲು ಮನಸ್ಸಾಗದಿದ್ದರೆ ನಕಲಾದರೂ ಸಾಕು. ಚಿತ್ರದ ಹಿಂದೆ ವರ್ಷ ಮತ್ತು ಹೆಸರುಗಳನ್ನು ಬರೆಯಲು ಮರೆಯಬೇಡಿ.